ಇಂಟರ್ವಲ್‌ವರೆಗಿನ ಮಾತು

ಬಸವೇಶ್ವರನಗರದ ಪಂಚಾಕ್ಷರಿಯವರು ಒಂದು ಸಿನಿಮಾ ಚೆನ್ನಾಗಿದೆ ಎಂದರೆ ಸುತ್ತಮುತ್ತಲಿನ ಹತ್ತಾರು ಮನೆಗಳವರು ಅದನ್ನು ನೋಡಲು ಹೊರಡುತ್ತಿದ್ದರು. ಚೆನ್ನಾಗಿಲ್ಲ ಎಂದರೆ ಅವರೆಲ್ಲ ಸಂಜೆ ಮನೆಯಲ್ಲೇ ಉಪ್ಪಿಟ್ಟು ಮಾಡಿಕೊಂಡು ತಿಂದು ಸುಮ್ಮನಾಗುತ್ತಿದ್ದರು. ಪಂಚಾಕ್ಷರಿಯವರು ಪತ್ರಿಕೆಗೆ ಬರೆಯುವವರಲ್ಲ, ಟೀವಿಯಲ್ಲಿ ಕಾಣಿಸಿಕೊಳ್ಳುವವರೂ ಅಲ್ಲ. ಆದರೂ ಅವರ ಮಾತಿಗೆ ಅಷ್ಟು ತೂಕವಿತ್ತು. ಆ ತೂಕ ಎಷ್ಟೆಂಬುದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಅವರು ಹೊಳಲ್ಕೆರೆ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಸ್ವಿಚ್ಚು ತಯಾರಿಸುವ ಕಾರ್ಖಾನೆಯೊಂದಕ್ಕೆ ಸೇರಿ, ಅಲ್ಲಿಯೇ ನಿವೃತ್ತರಾದರು. ಅವರ ಕೆಲಸ ತಪಾಸಣೆ. ಪೆಟ್ಟಿಗೆಗಟ್ಟಲೆ ಬಂದು ಬೀಳುವ ಹಿತ್ತಾಳೆಯ ಬಿಡಿಭಾಗಗಳಲ್ಲಿ ಕೈಗೆ ಸಿಕ್ಕ ನಾಲ್ಕನ್ನು ತೆಗೆದು ಅಳೆಯುವುದು. ಅವು ಸರಿಯಿದ್ದರೆ ಇಡೀ ಪೆಟ್ಟಿಗೆ ಪಾಸು, ಇಲ್ಲದಿದ್ದರೆ ಇಡೀ ಪೆಟ್ಟಿಗೆ ರಿಜೆಕ್ಟು. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ಅವರಿಗೆ ಲೋಕವೆಲ್ಲ ಪೆಟ್ಟಿಗೆಗಳಾಗಿ ಕಾಣತೊಡಗಿತ್ತು. ಬಾಳೆಹಣ್ಣಿನ ಗೊನೆ, ಮದುವೆಯ ಊಟ, ಅಳಿಯನ ಸ್ವಭಾವ, ಯಾವುದನ್ನೇ ಆಗಲಿ ಸ್ವಲ್ಪ ನೋಡಿಯೇ ತೀರ್ಮಾನಿಸುತ್ತಿದ್ದರು. “ಅನ್ನ ಬೆಂದಿದೆಯೋ ಇಲ್ವೋ ನೋಡೋಕೆ ಒಂದಗುಳು ಹಿಚುಕಿದ್ರೆ ಸಾಕಲ್ಲ, ತಪ್ಪಲೆಯೆಲ್ಲ ಯಾಕೆ ಕಲಕ್ಬೇಕು?” ಎಂಬುದು ಅವರ ಮೆಚ್ಚಿನ ಮಾತು.

ಶುಕ್ರವಾರ ಸಂಜೆ ಹಾವನೂರು ಸರ್ಕಲ್ ಹತ್ತಿರದ ಉದ್ಯಾನದಲ್ಲಿ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅವರ ಸಿನಿಮಾ ಬಳಗ ಸೇರುತ್ತಿತ್ತು. ನಿವೃತ್ತ ಬಸ್ ಡ್ರೈವರ್ ಮಹದೇವ್, ಮಹಾಲಕ್ಷ್ಮಿ ಲೇಔಟಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ರಂಜಿನಿ, ಕುರುಬರಹಳ್ಳಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದ ಕಿಟ್ಟಿ. ಇವರೇ ಬೆಂಚಿನ ಕಾಯಂ ಗಿರಾಕಿಗಳು. ಉಳಿದ ಅಕ್ಕಪಕ್ಕದವರೆಲ್ಲ ರಂಜಿನಿ ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿದ್ದರು. ಹೊಸ ಸಿನಿಮಾ ಬಂದ ದಿನ ಒಬ್ಬರು ಮ್ಯಾಟಿನಿಗೆ ಹೋಗಿ ನೋಡಿ ಬಂದು ವಾಯ್ಸ್ ಮೆಸೇಜ್ ಹಾಕುವುದು, ಅದನ್ನು ಕೇಳಿ ಮಿಕ್ಕವರು ಹೋಗುವುದೋ ಬಿಡುವುದೋ ನಿರ್ಧರಿಸುವುದು, ಇದು ಪದ್ಧತಿ. ಮೊದಲು ನೋಡುವ ಆ ಒಬ್ಬರು ಹೆಚ್ಚುಕಡಿಮೆ ಯಾವಾಗಲೂ ಪಂಚಾಕ್ಷರಿಯವರೇ ಆಗಿರುತ್ತಿದ್ದರು.

ಬೆಂಚಿಗೆ ಒಂದು ಕಟ್ಟುಪಾಡೂ ಇತ್ತು. ಅದು ಹುಟ್ಟಿದ್ದು ಮಹದೇವ್ ಅವರ ಬಾಯಿಂದ. ಒಂದು ಸಲ ಕೊಲೆಯ ಕಥೆಯ ಸಿನಿಮಾ ನೋಡಿ ಬಂದವರು, ಚಹಾದ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ, “ಕೊನೆಗೆ ನೋಡಿದ್ರೆ ಕೊಂದಿರೋನು ಡಾಕ್ಟ್ರೇ ಕಣ್ರಯ್ಯ” ಎಂದುಬಿಟ್ಟರು.

ಕಿಟ್ಟಿಯ ಮುಖ ಸಪ್ಪಗಾಯಿತು. “ಮಹದೇವಣ್ಣ, ನಾಳೆ ಟಿಕೆಟ್ ಬುಕ್ ಮಾಡಿದೀನಿ. ಇನ್ನೇನು ಹೋಗಿ ಡಾಕ್ಟ್ರ ಮುಖ ನೋಡ್ಕೊಂಡ್ ಬರ್ಲಾ?”

“ನೋಡ್ಕೊಂಡ್ ಬಾ. ಬಿಪಿನೂ ಚೆಕ್ ಮಾಡಿಸ್ಕೊಂಡ್ ಬಾ.”

ಎಲ್ಲರೂ ನಕ್ಕರು, ಕಿಟ್ಟಿ ನಗಲಿಲ್ಲ. ಆಗ ಪಂಚಾಕ್ಷರಿಯವರು ಕೈಯೆತ್ತಿ ತೀರ್ಪು ಕೊಟ್ಟರು. “ಇನ್ಮೇಲೆ ಈ ಬೆಂಚಲ್ಲಿ ಯಾರೂ ಇಂಟರ್ವಲ್ ದಾಟೋ ಹಾಗಿಲ್ಲ. ಇಂಟರ್ವಲ್‌ವರೆಗಿನ ಮಾತು ಮಾತ್ರ. ಆಮೇಲಿಂದು ನೋಡಿದೋನ ಹೊಟ್ಟೇಲೇ ಇರ್ಬೇಕು, ಎಲ್ಲರೂ ನೋಡಿ ಮುಗಿಸೋವರೆಗೂ.” ಅಂದಿನಿಂದ ಅದೇ ಕಾನೂನು. ಬಾಯಿ ಬಿಗಿಹಿಡಿಯಲಾರದ ಮಹದೇವ್ ಕೂಡ ಕಷ್ಟಪಟ್ಟು ಪಾಲಿಸಿದರು. ಕಿಟ್ಟಿಯಂತೂ ಅದನ್ನು ವ್ರತದಂತೆ ನಡೆಸಿದ.

ಕಿಟ್ಟಿಯ ಬಗ್ಗೆ ಎರಡು ಮಾತು ಹೇಳಬೇಕು. ಐವತ್ತು ದಾಟಿದ, ಸಣಕಲು ಮೈಯ, ಮೆದು ಮಾತಿನ ಮನುಷ್ಯ. ಅವನ ಅಂಗಡಿಗೆ ಬರುವ ಫೋಟೋಗಳಲ್ಲಿ ಅರ್ಧ ದೇವರವು, ಅರ್ಧ ತೀರಿಕೊಂಡವರವು. ಗಾಜಿನ ಒಳಗೆ ಒಂದು ಕೂದಲೆಳೆಯೂ ಉಳಿಯದಂತೆ ಒರೆಸಿ, ಎರಡೂ ಕೈಗಳಲ್ಲಿ ಹಿಡಿದು ಕೊಡುತ್ತಿದ್ದ. ಸಿನಿಮಾ ನೋಡುವಾಗ ಮಾತ್ರ ಅವನು ಬೇರೆಯೇ ಮನುಷ್ಯ. ಅಳುವ ಕಡೆ ನಾಚಿಕೆಯಿಲ್ಲದೆ ಅಳುತ್ತಿದ್ದ. ಬೆಂಚಿಗೆ ಬಂದು ಇಷ್ಟವಾದ ದೃಶ್ಯವನ್ನು ಎದ್ದು ನಿಂತು ಮಾಡಿ ತೋರಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಪಂಚಾಕ್ಷರಿಯವರ ಕಡೆಗೆ ತಿರುಗಿ, “ಅಣ್ಣ, ನಿಮಗೇನನ್ನಿಸ್ತು?” ಎಂದು ಕೇಳುತ್ತಿದ್ದ. ತನಗೆ ಹಿಡಿಸಿದ್ದು ಅಣ್ಣನಿಗೂ ಹಿಡಿಸಿದರೆ ಅವನಿಗೆ ಹಬ್ಬ.

ಒಂದು ಶುಕ್ರವಾರ ಕಿಟ್ಟಿ ಎಂದೂ ಇಲ್ಲದ ಉತ್ಸಾಹದಲ್ಲಿ ಬಂದ. “ಮುಂದಿನ ವಾರ ಹೊಸಬ್ರದ್ದೊಂದು ಪಿಕ್ಚರ್ ಬರ್ತಾ ಇದೆ. ಒಂದು ಕೆರೆ, ಅದರ ಸುತ್ತ ಊರಿನ ಕಥೆ. ಎಲ್ಲರೂ ಭಾನುವಾರ ಒಟ್ಟಿಗೆ ಹೋಗೋಣ್ವಾ?”

ಅದು ತೆರೆಗೆ ಬರುವ ದಿನವೇ ದೊಡ್ಡ ನಟರೊಬ್ಬರ ಅದ್ದೂರಿ ಚಿತ್ರವೂ ಬಿಡುಗಡೆಯಾಗುವುದಿತ್ತು. ಬೆಂಚಿನ ಗಮನವೆಲ್ಲ ಅದರ ಮೇಲೆ. ಮಹದೇವ್ ಕೇಳಿದರು: “ಕೆರೆ ನೋಡೋಕೆ ಟಿಕೆಟ್ ಯಾಕೋ ಕಿಟ್ಟಿ? ಮಲ್ಲತ್ತಹಳ್ಳಿಗೆ ಹೋದ್ರೆ ಬಿಟ್ಟಿ ನೋಡ್ಬಹುದು. ಸೊಳ್ಳೆನೂ ಫ್ರೀ.”

“ಯಾರಿದಾರೆ ಅದರಲ್ಲಿ?” ಎಂದಳು ರಂಜಿನಿ.

“ಗೊತ್ತಿರೋರು ಯಾರಿಲ್ಲಮ್ಮ,” ಎಂದ ಕಿಟ್ಟಿ. ಅವನ ತುಟಿಯ ಮೂಲೆಯಲ್ಲಿ ಏನೋ ನಗು ಇಣುಕಿ ಮರೆಯಾಯಿತು. ಆಮೇಲೆ ಪಂಚಾಕ್ಷರಿಯವರ ಹತ್ತಿರ ಸರಿದು ಕುಳಿತು ಹೇಳಿದ: “ಅಣ್ಣ, ನೀವೇ ಮೊದಲು ನೋಡಿ ಹೇಳಿ. ಪೂರ್ತಿ ನೋಡಿ.”

ಪೂರ್ತಿ ಎಂಬ ಮಾತನ್ನು ಅವನು ತುಸು ಒತ್ತಿ ಹೇಳಿದ್ದ. ಪಂಚಾಕ್ಷರಿಯವರ ಕಿವಿಗೆ ಅದು ಆಗ ತಾಗಲಿಲ್ಲ.

ಮುಂದಿನ ಶುಕ್ರವಾರ ಮಧ್ಯಾಹ್ನ ಅವರು ಮಾಗಡಿ ರಸ್ತೆಯ ಕಡೆಯ ಚಿತ್ರಮಂದಿರಕ್ಕೆ ಹೋದರು. ಒಳಗೆ ಬೆರಳೆಣಿಕೆಯಷ್ಟು ಜನ. ಪರದೆಯ ಮೇಲೆ ಕೆರೆಯ ನೀರು, ನೀರಿನ ಮೇಲೆ ಗಾಳಿ, ಏರಿಯ ಮೇಲೆ ನಡೆಯುವ ಒಬ್ಬ ಹುಡುಗಿ. ಕಥೆ ಎತ್ತಿನಗಾಡಿಯ ವೇಗದಲ್ಲಿ ಸಾಗುತ್ತಿತ್ತು. ಮೊಣಕಾಲು ನೋಯತೊಡಗಿತು, ಆಕಳಿಕೆ ಬಂದಿತು. ಇಂಟರ್ವಲ್ ಆದಾಗ ಹೊರಗೆ ಬಂದು ಚಹಾ ಕುಡಿಯುತ್ತ ಗಡಿಯಾರ ನೋಡಿದರು. ದೊಡ್ಡ ನಟರ ಚಿತ್ರದ ನಾಲ್ಕು ಗಂಟೆಯ ಆಟ ಇನ್ನೊಂದು ಕಡೆ ಶುರುವಾಗಲು ಸಮಯವಿತ್ತು. ಅದರ ಸುದ್ದಿಯನ್ನು ಕೂಡ ಎಲ್ಲರಿಗಿಂತ ಮೊದಲು ತಾವೇ ಕೊಟ್ಟರೆ ಹೇಗಿರುತ್ತದೆ ಎಂಬ ಆಸೆ ಮೂಡಿತು. ಇನ್ನು ಅರ್ಧ ಕೆರೆ ನೋಡುವುದರಲ್ಲಿ ಏನಿದೆ? ಒಂದಗುಳು ಹಿಚುಕಿ ಆಗಿದೆ. ಲೋಟ ಕೆಳಗಿಟ್ಟು ಆಟೋ ಹತ್ತಿದರು.

ಆಟೋದಲ್ಲಿ ಕುಳಿತೇ ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿದರು. “ಕೆರೆ ಪಿಕ್ಚರ್ ನೋಡಿದೆ. ನೀರು ಚೆನ್ನಾಗಿದೆ, ಕೊಕ್ಕರೆ ಬಹಳ ಚೆನ್ನಾಗಿ ಆಕ್ಟ್ ಮಾಡಿದೆ. ಮನುಷ್ಯರು ಯಾರೂ ಮಾಡಿಲ್ಲ. ಇಂಟರ್ವಲ್ ಆದ್ಮೇಲಿಂದು ನಾನು ಹೇಳೋ ಹಾಗಿಲ್ಲ, ನಮ್ಮ ರೂಲು. ಹೇಳೋಣ ಅಂದ್ರೂ ಅದರಲ್ಲಿ ಹೇಳೋ ಅಂಥದ್ದು ಏನೂ ಇಲ್ಲ. ಪೆಟ್ಟಿಗೆ ರಿಜೆಕ್ಟ್.”

ಗುಂಪಿನಲ್ಲಿ ನಗುವ ಮುಖಗಳ ಸುರಿಮಳೆಯಾಯಿತು. ಕೊಕ್ಕರೆಗೆ ಪ್ರಶಸ್ತಿ ಕೊಡಿಸಬೇಕು ಎಂದು ಮಹದೇವ್ ಬರೆದರು. ಸಂಜೆ ದೊಡ್ಡ ಚಿತ್ರದ ವರದಿಯೂ ಬಂದಾಗ, ಒಂದೇ ದಿನ ಎರಡು ಸಿನಿಮಾ ನೋಡಿದ ಪಂಚಾಕ್ಷರಿ ಸಾರ್ ಅವರ ಉತ್ಸಾಹವನ್ನು ಎಲ್ಲರೂ ಹೊಗಳಿದರು. ಕಿಟ್ಟಿ ಮಾತ್ರ ಏನೂ ಬರೆಯಲಿಲ್ಲ. ಭಾನುವಾರ ಎಲ್ಲರೂ ದೊಡ್ಡ ಚಿತ್ರಕ್ಕೆ ಹೋದರು. ಕಿಟ್ಟಿ ಬರಲಿಲ್ಲ. ಮುಂದಿನ ಗುರುವಾರದ ಹೊತ್ತಿಗೆ ಕೆರೆಯ ಸಿನಿಮಾ ಊರಿನ ಎಲ್ಲ ಪರದೆಗಳಿಂದಲೂ ಇಳಿದುಹೋಗಿತ್ತು.

ಅದರ ಮುಂದಿನ ಶುಕ್ರವಾರಗಳಲ್ಲೂ ಕಿಟ್ಟಿ ಬೆಂಚಿಗೆ ಬರಲಿಲ್ಲ. ಕೇಳಿದರೆ ಅಂಗಡಿಯಲ್ಲಿ ಕೆಲಸ ಎನ್ನುತ್ತಿದ್ದ. ಹಬ್ಬದ ಕಾಲ, ಇದ್ದರೂ ಇರಬಹುದು ಎಂದು ಪಂಚಾಕ್ಷರಿಯವರು ಸುಮ್ಮನಿದ್ದರು. ಒಂದು ದಿನ ತಮ್ಮ ತಾಯಿಯ ಹಳೆಯ ಫೋಟೋದ ಕಟ್ಟು ಬಿಚ್ಚಿಕೊಂಡಿತೆಂದು ಅದನ್ನು ಹಿಡಿದು ಕುರುಬರಹಳ್ಳಿಗೆ ಹೋದರು. ಕಿಟ್ಟಿ ಎದ್ದು ನಿಂತು ಸ್ಟೂಲು ಕೊಟ್ಟ, ಫೋಟೋ ತೆಗೆದುಕೊಂಡ.

“ಏನೋ ಕಿಟ್ಟಿ, ನಮ್ಮನ್ನೆಲ್ಲ ಮರ್ತೇಬಿಟ್ಯಾ?”

“ಹಾಗೇನಿಲ್ಲ ಸಾರ್. ಮಗಳ ಕೈಲಿ ಮನೆಗೆ ಕಳಿಸ್ತೀನಿ ಸಾರ್.”

ಇಷ್ಟು ವರ್ಷ ಅಣ್ಣ ಎಂದವನು ಇಂದು ಸಾರ್ ಎಂದ. ಪಂಚಾಕ್ಷರಿಯವರು ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಒಂದು ಪದವನ್ನೇ ಮೆಲುಕು ಹಾಕಿದರು. ಏನು ತಪ್ಪಾಯಿತೆಂದು ಮಾತ್ರ ಹೊಳೆಯಲಿಲ್ಲ.

ಎರಡು ದಿನಗಳ ಮೇಲೆ ಕಿಟ್ಟಿಯ ಮಗಳು ದಿವ್ಯ ಫೋಟೋ ತಂದುಕೊಟ್ಟಳು. ನಾಗರಬಾವಿಯ ಕಡೆ ಕಾಲೇಜಿನಲ್ಲಿ ಓದುವ ಹುಡುಗಿ. ಪಂಚಾಕ್ಷರಿಯವರ ಹೆಂಡತಿ ಜಗದಾಂಬಾ ಕಾಫಿ ಕೊಟ್ಟು ಕೂರಿಸಿದರು. ಹುಡುಗಿ ಲೋಟ ಖಾಲಿ ಮಾಡಿ, ಹೋಗಲು ಎದ್ದವಳು, ಬಾಗಿಲ ಬಳಿ ನಿಂತಳು.

“ಅಂಕಲ್, ಒಂದ್ ಕೇಳ್ಲಾ? ಅಪ್ಪನ ಪಾರ್ಟು ಅಷ್ಟು ಕೆಟ್ಟದಾಗಿತ್ತಾ?”

“ಯಾವ ಪಾರ್ಟಮ್ಮ?”

“ಅದೇ, ಕೆರೆ ಪಿಕ್ಚರಲ್ಲಿ. ಸೆಕೆಂಡ್ ಹಾಫಲ್ಲಿ ಬಂತಲ್ಲ, ಏರಿ ಮೇಲಿಂದು. ನೀವು ನೋಡಿದ್ರಲ್ಲ.”

ಪಂಚಾಕ್ಷರಿಯವರು ಕೈಯಲ್ಲಿದ್ದ ತಾಯಿಯ ಫೋಟೋವನ್ನು ಮೇಜಿನ ಮೇಲಿಟ್ಟರು. ಹುಡುಗಿ ತನ್ನ ಪಾಡಿಗೆ ಹೇಳುತ್ತಿದ್ದಳು. ಸಿನಿಮಾದವರು ಒಂದು ಮನೆಯ ಗೋಡೆಗೆ ಬೇಕೆಂದು ಹಳೆಯ ಕಟ್ಟಿನ ಫೋಟೋಗಳನ್ನು ಹುಡುಕಿಕೊಂಡು ಅಂಗಡಿಗೆ ಬಂದಿದ್ದರಂತೆ. ಅಪ್ಪ ಒಂದು ಫೋಟೋವನ್ನು ಒರೆಸಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟ ರೀತಿ ನೋಡಿ, ಆ ಡೈರೆಕ್ಟರ್ ಹುಡುಗ ನೀವೇ ಬನ್ನಿ ಎಂದು ಹಟ ಹಿಡಿದನಂತೆ. ನಾಲ್ಕು ದಿನ ಶೂಟಿಂಗ್. ಇಡೀ ಒಂದು ಸೀನು, ತುಂಬ ಮಾತು. ಬೆಂಚಿನವರಿಗೆ ಹೇಳಿರಲಿಲ್ಲ. ಅದು ಇಂಟರ್ವಲ್ ಆದ ಮೇಲೆ ಬರುವ ಭಾಗ, ಹೇಳುವ ಹಾಗಿಲ್ಲ. ಪರದೆಯ ಮೇಲೆ ಕಂಡಾಗ ಎಲ್ಲರೂ, ಅದರಲ್ಲೂ ಅಣ್ಣ, ಹೇಗೆ ಬೆಚ್ಚಿಬೀಳುತ್ತಾರೆ ನೋಡಬೇಕು ಎಂದು ಅಪ್ಪ ಕಾಯುತ್ತಿದ್ದರಂತೆ.

“ನಿಮ್ಮ ಮೆಸೇಜ್ ಬಂದಾಗ ಅಪ್ಪ ಅಂಗಡೀಲಿ ಇದ್ರು. ಸ್ಪೀಕರ್ ಆನ್ ಮಾಡಿ ನಮಗೆಲ್ಲ ಕೇಳಿಸ್ತಾ ಇದ್ರು. ಅಣ್ಣ ಏನಂದಿದಾರೆ ಕೇಳಿ ಅಂತ.”

ಆಗಲಾದರೂ ನಿಜ ಹೇಳಬಹುದಿತ್ತು. ಬಾಗಿಲಲ್ಲಿ ನಿಂತ ಆ ಹುಡುಗಿಯ ಮುಖ ನೋಡಿ ಪಂಚಾಕ್ಷರಿಯವರ ನಾಲಗೆ ಇನ್ನೊಂದು ಸುಳ್ಳಿಗೆ ಹೊರಳಿತು. “ಕೆಟ್ಟದಾಗಿರ್ಲಿಲ್ಲಮ್ಮ. ಅಪ್ಪ ಚೆನ್ನಾಗೇ ಮಾಡಿದ್ದ. ನಾನು ಹೇಳಿದ್ದು ಒಟ್ಟು ಪಿಕ್ಚರ್ ಬಗ್ಗೆ.”

“ಹೌದಾ ಅಂಕಲ್? ಹಾಗಾದ್ರೆ ಅದನ್ನ ಅಪ್ಪಂಗೆ ನೀವೇ ಹೇಳಿ, ಪ್ಲೀಸ್,” ಎಂದು ಹುಡುಗಿ ಮುಖವರಳಿಸಿಕೊಂಡು ಹೋದಳು.

ಜಗದಾಂಬಾ ಖಾಲಿ ಲೋಟ ಎತ್ತಿಕೊಳ್ಳುತ್ತ ಗಂಡನನ್ನು ನೋಡಿದರು. ಆ ದಿನ ಅವರು ಸಿನಿಮಾದ ನಡುವೆಯೇ ಎದ್ದು ಬಂದದ್ದು ಆಕೆಯೊಬ್ಬರಿಗೆ ಮಾತ್ರ ಗೊತ್ತಿತ್ತು. ಜಾಣತನ ಮಾಡಿದವರಂತೆ ಪಂಚಾಕ್ಷರಿಯವರೇ ಹೇಳಿಕೊಂಡಿದ್ದರು.

“ರೀ, ಅನ್ನವಾದ್ರೆ ಒಂದಗುಳು ನೋಡಿದ್ರೆ ಸಾಕು. ಸಾರಿಗೆ ಹಾಗಾಗಲ್ಲ. ಮೇಲಿನ ತಿಳಿ ಬಡಿಸ್ಕೊಂಡು ಇದರಲ್ಲೇನೂ ಇಲ್ಲ ಅಂದ್ರೆ, ತಳದಲ್ಲಿರೋ ಬೇಳೆ ಏನು ಮಾಡ್ಬೇಕು?”

ಚೆನ್ನಾಗಿ ಮಾಡಿದ್ದೀಯ ಎಂದು ಕಿಟ್ಟಿಗೆ ಹೇಳುವುದಾದರೆ ಅದನ್ನು ಒಮ್ಮೆ ನೋಡಿಯಾದರೂ ಹೇಳಬೇಕು ಎಂದು ಪಂಚಾಕ್ಷರಿಯವರಿಗೆ ಅನ್ನಿಸಿತು. ರಂಜಿನಿಗೆ ಫೋನ್ ಮಾಡಿದರು. ಅವಳು ಮೊಬೈಲಿನಲ್ಲಿ ಸಿನಿಮಾ ತೋರಿಸುವ ಕಂಪನಿಗಳನ್ನೆಲ್ಲ ಜಾಲಾಡಿ ನೋಡಿದಳು. “ಯಾರೂ ತಗೊಂಡಿಲ್ಲ ಸಾರ್. ಮೊದಲ ವಾರ ಥಿಯೇಟರಲ್ಲಿ ಓಡದೇ ಇರೋದನ್ನ ಅವರು ಮುಟ್ಟೋದೂ ಇಲ್ಲ. ಯಾಕ್ ಸಾರ್, ನೀವು ನೋಡಿದೀರಲ್ಲ?” ಚಿತ್ರಮಂದಿರದಲ್ಲಿ ವಿಚಾರಿಸಿದರೆ, ಅದು ಯಾವ ಸಿನಿಮಾ ಎಂಬುದೇ ಅಲ್ಲಿನವನಿಗೆ ನೆನಪಿರಲಿಲ್ಲ. ಆ ಮಧ್ಯಾಹ್ನ ಕುರ್ಚಿಯಲ್ಲಿ ಇನ್ನೊಂದು ಗಂಟೆ ಕುಳಿತಿದ್ದರೆ ತಾನೇ ತಾನಾಗಿ ಕಣ್ಣೆದುರು ಬರುತ್ತಿದ್ದದ್ದು, ಈಗ ಊರೆಲ್ಲ ಹುಡುಕಿದರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವರು ಅಂಗಡಿಗೆ ಹೋದರು. ಕಿಟ್ಟಿ ಹಲಗೆಯ ಮೇಲೆ ಗಾಜು ಹಾಸಿ ಕೊಯ್ಯುತ್ತಿದ್ದ. ಸುತ್ತಲೂ ಗೋಡೆಯ ಮೇಲೆ ಶಿವಪಾರ್ವತಿ, ಲಕ್ಷ್ಮಿ, ಯಾರದೋ ಅಜ್ಜ, ಯಾರದೋ ತಾಯಿ. ಒಳಗಡೆ, ಗಿರಾಕಿಗಳಿಗೆ ಕಾಣದ ಮೂಲೆಯಲ್ಲಿ, ಸಣ್ಣ ಕಟ್ಟಿನ ಒಂದು ಬಣ್ಣದ ಚಿತ್ರ ಮೊದಲ ಬಾರಿಗೆ ಅವರ ಕಣ್ಣಿಗೆ ಬಿದ್ದಿತು. ಕೆರೆಯ ಏರಿ. ಹೆಗಲ ಮೇಲೆ ಟವೆಲು ಹಾಕಿಕೊಂಡ ಕಿಟ್ಟಿ. ಕೈ ಮುಂದೆ ಚಾಚಿ, ಚಿತ್ರದಲ್ಲಿ ಕಾಣದ ಯಾರನ್ನೋ ನೋಡುತ್ತಿದ್ದಾನೆ. ಬಾಯಿ ಅರೆ ತೆರೆದಿದೆ, ಏನೋ ಹೇಳುತ್ತಿದ್ದಾನೆ.

ದಿವ್ಯಳಿಗೆ ಹೇಳಿದ ಮಾತನ್ನೇ ಇಲ್ಲಿಯೂ ಹೇಳಿ ಎದ್ದು ಬರುವುದು ಸುಲಭವಿತ್ತು. ಕಿಟ್ಟಿ ನಂಬುತ್ತಿದ್ದ. ಚಿತ್ರದೊಳಗಿನ ಆ ಕೈಯನ್ನು ನೋಡಿದ ಮೇಲೆ ಪಂಚಾಕ್ಷರಿಯವರಿಗೆ ಅದು ಆಗಲಿಲ್ಲ.

“ಕಿಟ್ಟಿ, ನಾನು ಅವತ್ತು ಸೆಕೆಂಡ್ ಹಾಫ್ ನೋಡ್ಲಿಲ್ಲ. ಇಂಟರ್ವಲ್ಲಿಗೇ ಎದ್ದು ಬಂದೆ. ನೀನು ಅದರಲ್ಲಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ಲ. ದಿವ್ಯ ಹೇಳಿದ್ಮೇಲೆ ಗೊತ್ತಾಯ್ತು. ಅವಳಿಗೂ ಸುಳ್ಳು ಹೇಳಿದೆ.”

ಕಿಟ್ಟಿ ಗಾಜಿನ ಮೇಲಿನ ಕೈ ತೆಗೆದ. “ನೋಡ್ಲೇ ಇಲ್ವಾ ಸಾರ್?”

“ಇಲ್ಲ ಕಣೋ.”

“ನಾನು ಅವತ್ತಿಂದ ಆ ಸೀನನ್ನ ಮನಸಲ್ಲಿ ಮಾಡ್ತಾನೇ ಇದೀನಿ ಸಾರ್. ದನಿ ಜೋರಾಯ್ತೇನೋ, ಕೈ ಅಷ್ಟು ಚಾಚಬಾರದಿತ್ತೇನೋ ಅಂತ. ಎಲ್ಲಿ ಕೆಟ್ಟಿದೆ ಅಂತ ನಂಗೆ ಸಿಗ್ತಾ ಇರ್ಲಿಲ್ಲ. ಆದ್ರೆ ನಿಮ್ಮ ಕಣ್ಣಿಗೆ ಬಿದ್ದಿದೆ ಅಂದ್ಮೇಲೆ ಇರ್ಲೇಬೇಕಲ್ಲ.” ಅವನು ಗಾಜಿನ ಚೂರುಗಳನ್ನು ಕಾಗದದಿಂದ ಒಂದು ಕಡೆಗೆ ಗುಡಿಸಿದ. “ಹೋದ ತಿಂಗಳು ಆ ಡೈರೆಕ್ಟರ್ ಹುಡುಗ ಮತ್ತೆ ಬಂದಿದ್ದ. ಇನ್ನೊಂದು ಪಿಕ್ಚರು. ಅಪ್ಪನ ಪಾರ್ಟಂತೆ, ಶುರುವಿಂದ ಕೊನೆವರೆಗೂ. ನನಗೆ ಬರಲ್ಲ ಬಿಡಪ್ಪ, ಬಲ್ಲೋರು ನೋಡಿ ಹೇಳಿದಾರೆ ಅಂದೆ.”

ಪಂಚಾಕ್ಷರಿಯವರು ಸ್ಟೂಲಿನಿಂದ ಎದ್ದೇಬಿಟ್ಟರು. “ಈಗಲೇ ಫೋನ್ ಮಾಡು. ನಂಬರ್ ಕೊಡು, ನಾನು ಮಾತಾಡ್ತೀನಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ.”

“ಬೇರೆಯವ್ರನ್ನ ಹಾಕ್ಕೊಂಡಾಯ್ತು ಸಾರ್. ಶೂಟಿಂಗೂ ಶುರುವಾಗಿದೆ. ಕೂತ್ಕೊಳಿ.”

ಅವರು ಕುಳಿತರು. ಪಕ್ಕದ ಅಂಗಡಿಯಿಂದ ಕಿಟ್ಟಿ ಎರಡು ಚಹಾ ಹೇಳಿದ. ಪಂಚಾಕ್ಷರಿಯವರ ಕಣ್ಣು ಮತ್ತೆ ಮತ್ತೆ ಮೂಲೆಯ ಚಿತ್ರದ ಕಡೆಗೇ ಹೋಗುತ್ತಿತ್ತು. ಆ ಚಾಚಿದ ಕೈ ಯಾರನ್ನೋ ಕರೆಯುತ್ತಿದೆಯೋ, ತಡೆಯುತ್ತಿದೆಯೋ, ಬೀಳ್ಕೊಡುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಮೊದಲೆಲ್ಲ ಇವನು ಬೆಂಚಿನ ಮುಂದೆ ಎದ್ದು ನಿಂತು ಯಾರು ಯಾರದೋ ಪಾತ್ರಗಳನ್ನು ಮಾಡಿ ತೋರಿಸುತ್ತಿದ್ದುದು ನೆನಪಾಯಿತು.

“ಕಿಟ್ಟಿ, ಆ ಸೀನಲ್ಲಿ ಏನಿತ್ತು ಅಂತ ಹೇಳೋ. ಒಂದ್ಸಲ ಮಾಡಿ ತೋರಿಸು. ಇಲ್ಲಿ ಯಾರೂ ಇಲ್ಲ.”

ಕಿಟ್ಟಿ ಲೋಟವನ್ನು ಹಲಗೆಯ ಮೇಲಿಟ್ಟ. ಅವನ ಮುಖದಲ್ಲಿ ಸಿಟ್ಟಾಗಲಿ ಕುಹಕವಾಗಲಿ ಇರಲಿಲ್ಲ. ದಣಿವಿತ್ತು.

“ಇಂಟರ್ವಲ್ ಆದ್ಮೇಲಿಂದು ಸಾರ್ ಅದು. ಇನ್ನೂ ನೀವು ನೋಡಿಲ್ಲ. ಹೇಳೋ ಹಾಗಿಲ್ವಲ್ಲ.”

ಆ ಶುಕ್ರವಾರ ಪಂಚಾಕ್ಷರಿಯವರು ಬೆಂಚಿನಲ್ಲಿ ಎಲ್ಲರೆದುರು ನಡೆದದ್ದನ್ನು ಹೇಳಿದರು. ಮಹದೇವ್ ತಮಾಷೆಯೇನಾದರೂ ಮಾಡಿಯಾರೆಂದು ಪಂಚಾಕ್ಷರಿಯವರು ಅಂದುಕೊಂಡಿದ್ದರು. ಆದರೆ ಮಹದೇವ್ ಕೊಕ್ಕರೆಯ ಮಾತಿಗೆ ತಾವು ನಕ್ಕದ್ದನ್ನು ನೆನೆದು ತಲೆ ತಗ್ಗಿಸಿದರು. ಮುಂದೆ ಒಂದೆರಡು ತಿಂಗಳಲ್ಲಿ ಕಿಟ್ಟಿ ಬೆಂಚಿಗೆ ಮತ್ತೆ ಬರತೊಡಗಿದ. ಚಹಾ ಕುಡಿಯುತ್ತಾನೆ, ನಗುತ್ತಾನೆ, ಯಾವ ಸಿನಿಮಾ ಹೇಗಿದೆ ಎಂದು ಎರಡು ಮಾತು ಹೇಳುತ್ತಾನೆ. ಎದ್ದು ನಿಂತು ಮಾಡಿ ತೋರಿಸುವುದಿಲ್ಲ. ಅಣ್ಣ ಎಂಬ ಮಾತೂ ಹಿಂದಿರುಗಿ ಬರಲಿಲ್ಲ.

ಪಂಚಾಕ್ಷರಿಯವರು ಈಗಲೂ ಶುಕ್ರವಾರದ ಮ್ಯಾಟಿನಿಗೆ ಹೋಗುತ್ತಾರೆ. ಹೇಗಿದೆ ಎಂದು ಗುಂಪಿನಲ್ಲಿ ಯಾರಾದರೂ ಕೇಳಿದರೆ, ಹೋಗಿ ಪೂರ್ತಿ ನೋಡಿ ಎಂದಷ್ಟೇ ಹೇಳುತ್ತಾರೆ. ಎಷ್ಟೇ ಕೆಟ್ಟ ಚಿತ್ರವಾದರೂ ನಡುವೆ ಏಳುವುದಿಲ್ಲ. ಕಥೆ ಮುಗಿದು, ದೀಪ ಹತ್ತಿ, ಜನ ಚಪ್ಪಲಿ ಸದ್ದು ಮಾಡುತ್ತ ಹೊರಗೆ ಹೋದ ಮೇಲೂ ಕುಳಿತಿರುತ್ತಾರೆ. ಪರದೆಯ ಮೇಲೆ ಸಣ್ಣ ಅಕ್ಷರದ ಹೆಸರುಗಳು ಮೇಲಕ್ಕೆ ಏರುತ್ತಿರುತ್ತವೆ: ಒಂದೇ ದೃಶ್ಯದಲ್ಲಿ ಬಂದ ಮುದುಕ, ಬಾಗಿಲು ತೆರೆದ ಹೆಂಗಸು, ಅಂಗಡಿಯವನು, ಬಸ್ಸಿನ ಕಂಡಕ್ಟರು. ಕಸ ಗುಡಿಸಲು ಬರುವ ಮುನಿತಾಯಮ್ಮ ಅವರಿಗೆ ಈಗ ಪರಿಚಯ.

“ಮುಗೀತಲ್ಲ ಸಾಮಿ, ಇನ್ನೇನ್ ನೋಡ್ತಾ ಕುಂತಿದೀರ?”

“ಹೆಸರು ಬರ್ತಾ ಇದೆ ಕಣಮ್ಮ. ಇನ್ನೊಂದ್ ಸ್ವಲ್ಪ.”

ಆಕೆ ಅವರ ಸಾಲನ್ನು ಬಿಟ್ಟು ಹಿಂದಿನ ಸಾಲಿನಿಂದ ಗುಡಿಸಲು ಶುರು ಮಾಡುತ್ತಾಳೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹೆಸರನ್ನು ಓದುತ್ತಾರೆ. ತಾವು ಹುಡುಕುವ ಹೆಸರು ಅಲ್ಲಿರುವುದಿಲ್ಲವೆಂದು ಅವರಿಗೆ ಗೊತ್ತು. ಆದರೂ ಕೊನೆಯ ಸಾಲಿನವರೆಗೆ ಓದಿಯೇ ಏಳುತ್ತಾರೆ.